ದಂಗೆಕೋರರೆಂದವರು ಯಾರು?

ಇಪ್ಪತ್ತು ವರ್ಷದಿಂದ ಚಳ್ಳಕೆರೆಯಲ್ಲಿ ಪ್ರೆಸ್ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಜಾತ್ರೆ ಕರಪತ್ರ, ಬಿಲ್ ಬುಕ್ಕು, ಇದೇ ನನ್ನ ಅನ್ನ. ಮೊನ್ನೆ ಅಚ್ಚಿಗೆ ಬಂದ ಒಂದು ಸ್ಮರಣ ಸಂಚಿಕೆಯಲ್ಲಿ 'ಹಲಗಲಿಯ ದಂಗೆಕೋರ ಬೇಡರು' ಎಂದಿತ್ತು. ಕೈ ನಿಂತುಬಿಟ್ಟಿತು. ದಂಗೆಕೋರರು! ಇದು ಯಾರ ಬಾಯಿಯ ಮಾತು ಸ್ವಾಮಿ?

1857ರಲ್ಲಿ ಆಯುಧ ಒಪ್ಪಿಸಿ ಎಂದು ಕಂಪನಿ ಸರ್ಕಾರ ಕಾನೂನು ತಂದಿತು. ಮುಧೋಳ ಸಂಸ್ಥಾನದ ಹಲಗಲಿ ಬೇಡರು ಕೊಡೆವು ಎಂದರು. ಬೇಟೆಗಾರನ ಕೈಯಿಂದ ಆಯುಧ ಕಸಿದರೆ ಉಳಿಯುವುದೇನು? ನಮ್ಮ ಮೊಳಕಾಲ್ಮೂರು, ನಾಯಕನಹಟ್ಟಿ ಕಡೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ಕೇಳಿ ನೋಡಿ, ಹೇಳುತ್ತಾರೆ. ನವೆಂಬರ್ ಕೊನೆಗೆ ಫೌಜು ಊರಿಗೆ ಬೆಂಕಿಯಿಟ್ಟಿತು, 290 ಜನರನ್ನು ಹಿಡಿಯಿತು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನಕ್ಕೆ ನೇಣು. 14ಕ್ಕೆ ಹಲಗಲಿಯಲ್ಲೇ ಇನ್ನೂ 6. ಹಿಡಿದದ್ದು, ವಿಚಾರಿಸಿದ್ದು, ಕೊಂದದ್ದು ಎಲ್ಲ ಹದಿನೈದೇ ದಿನದಲ್ಲಿ! (ನನ್ನ ಅರ್ಧ ಸೈಟಿನ ತಕರಾರು ಒಂಬತ್ತು ವರ್ಷದಿಂದ ಕೋರ್ಟಿನಲ್ಲಿದೆ.)

ದ್ರೋಹವಂತೆ! ಕಡಲಾಚೆಯಿಂದ ಬಂದ ವ್ಯಾಪಾರಿಗೆ ಹಲಗಲಿಯ ಬೇಡ ಯಾವ ಋಣ ಹೊತ್ತಿದ್ದ, ದ್ರೋಹ ಬಗೆಯಲು? ನಮ್ಮ ಲಾವಣಿಕಾರರಿಗೆ ಇದು ಗೊತ್ತಿತ್ತು, ಶೂರರೆಂದೇ ಹಾಡಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಬ್ರಿಟಿಷ್ ಅಧಿಕಾರಿಯೇ, ಫ್ಲೀಟ್ ಸಾಹೇಬ. ಅವನು ಅಚ್ಚು ಹಾಕಿಸಿದ ಹಾಡು ಬಿಟ್ಟು, ನೇಣು ಹಾಕಿದವರ ಪದವನ್ನು ಕನ್ನಡಿಗರಾದ ನಾವು ಇಂದಿಗೂ ಅಚ್ಚು ಹಾಕಬೇಕೇ?

ಆ ಪುಟಕ್ಕೆ ನಾನು ಪ್ಲೇಟ್ ಮಾಡಿಲ್ಲ. ಪದ ಬದಲಿಸಿ, ಇಲ್ಲವೇ ಬೇರೆ ಪ್ರೆಸ್ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ. ಅವರ ಅಡ್ವಾನ್ಸ್ ಎಣಿಸಿ ಗಲ್ಲಾದಲ್ಲಿ ಬೇರೆ ಇಟ್ಟಿದ್ದೇನೆ.