ಮಫ್ಲರ್ ತೆಗೆಯದ ಬಾಡಿಗೆದಾರ

ಎಚ್.ಜಿ. ವೆಲ್ಸ್ ಬರೆದ ‘ದಿ ಇನ್ವಿಸಿಬಲ್ ಮ್ಯಾನ್’ ಕಾದಂಬರಿಯನ್ನು ನಾನು ಓದಿದ್ದು ಮೊನ್ನೆ ಮೊನ್ನೆ, ಆಫೀಸ್ ಕ್ಯಾಬಲ್ಲಿ ಕೂತು, ಮೊಬೈಲಲ್ಲಿ. 1897ರ ಪುಸ್ತಕ, ಕಾಪಿರೈಟ್ ಮುಗಿದಿರೋದ್ರಿಂದ ಪುಕ್ಕಟೆ ಸಿಗುತ್ತೆ. ಸಿಲ್ಕ್ ಬೋರ್ಡ್ ಸಿಗ್ನಲ್ ಹತ್ತಿರ ಬರೋ ಹೊತ್ತಿಗೆ ಮೊದಲ ಅಧ್ಯಾಯ ಮುಗಿದಿತ್ತು. ಸಿಗ್ನಲ್ ದಾಟೋ ಹೊತ್ತಿಗೆ ಇನ್ನೂ ಎರಡು ಮುಗಿದಿದ್ದು ಬೇರೆ ವಿಷಯ.

ಫೆಬ್ರವರಿ ತಿಂಗಳು, ಹಿಮ ಬೀಳ್ತಾ ಇದೆ. ಇಂಗ್ಲೆಂಡಿನ ಐಪಿಂಗ್ ಅನ್ನೋ ಹಳ್ಳಿಗೆ ಒಬ್ಬ ರೈಲ್ವೆ ಸ್ಟೇಷನ್ನಿನಿಂದ ನಡೆದುಕೊಂಡೇ ಬರ್ತಾನೆ. ಕೈಗೆ ದಪ್ಪ ಗ್ಲೌಸು, ಒಂದು ಕಪ್ಪು ಪೆಟ್ಟಿಗೆ, ಮುಖ ಮುಚ್ಚೋ ಟೋಪಿ. ಕಾಣೋದು ಹೊಳೆಯೋ ಮೂಗಿನ ತುದಿ ಮಾತ್ರ. ಅಲ್ಲಿನ ಲಾಡ್ಜಿನೊಳಗೆ ಬಂದವನೇ ಮೇಜಿನ ಮೇಲೆ ಎರಡು ಚಿನ್ನದ ನಾಣ್ಯ ಎಸೆದು ರೂಮು ಕೇಳ್ತಾನೆ. ಚಳಿಗಾಲದಲ್ಲಿ ಗಿರಾಕಿಯೇ ಇಲ್ಲದ ಊರು. ಒಡತಿ ಮಿಸೆಸ್ ಹಾಲ್‌ಗೆ ಖುಷಿಯೋ ಖುಷಿ.

ಊಟ ಬಡಿಸಿದ್ದಾಯ್ತು. ಆದರೆ ಕೆಲಸದ ಹುಡುಗಿ ಸಾಸಿವೆ ಕಲಸೋದನ್ನೇ ಮರೆತಿದ್ದಾಳೆ. (ನಮ್ಮ ಥರ ಒಗ್ಗರಣೆಗಲ್ಲ, ಅವರು ಅದನ್ನ ಚಟ್ನಿ ಹಾಗೆ ನೆಂಚಿಕೊಳ್ತಾರೆ.) ಆಕೆಯನ್ನ ಬೈದು, ತಾನೇ ಕಲಸಿಕೊಂಡು ಮಿಸೆಸ್ ಹಾಲ್ ರೂಮಿಗೆ ವಾಪಸ್ ಹೋಗ್ತಾಳೆ. ಅಲ್ಲಿ ನೋಡಿದರೆ ಆತ ಟೋಪಿ ತೆಗೆದಿದ್ದಾನೆ. ಹಣೆ ತುಂಬಾ ಬಿಳಿ ಬ್ಯಾಂಡೇಜು, ಕಿವಿಗೂ ಬ್ಯಾಂಡೇಜು, ಕಣ್ಣಿಗೆ ನೀಲಿ ಕನ್ನಡಕ, ಬಾಯಿಗೆ ಅಡ್ಡ ಹಿಡಿದ ಬಟ್ಟೆ. ಪಾಪ, ಏನೋ ಆಕ್ಸಿಡೆಂಟೋ ಆಪರೇಷನ್ನೋ ಆಗಿರಬೇಕು ಅಂತ ಅವಳ ಮನಸ್ಸು ಕರಗುತ್ತೆ. ಊಟದ ತಟ್ಟೆ ತೆಗೆಯೋಕೆ ಹೋದಾಗ ಆತ ಬಾಯಿ ಸುತ್ತ ರೇಷ್ಮೆ ಮಫ್ಲರ್ ಸುತ್ತಿಕೊಂಡಿದ್ದಾನೆ. ಅವಳು ರೂಮಲ್ಲಿ ಇರೋವರೆಗೂ ಅದನ್ನ ಸಡಿಲ ಮಾಡೋದೇ ಇಲ್ಲ.

ಪುಸ್ತಕದ ಹೆಸರಲ್ಲೇ ಗುಟ್ಟು ಇದೆ, ಓದೋ ನಮಗೆ ಎಲ್ಲ ಗೊತ್ತು. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ, ರೂಟ್ ಕಾಸ್ ಮೊದಲೇ ಗೊತ್ತಿರೋ ಬಗ್. ಆದರೂ ನಾನು ಮಿಸೆಸ್ ಹಾಲ್ ಜೊತೆಗೇ ‘ಪಾಪ’ ಅಂದೆ. ಆ ಮಫ್ಲರ್ ಹತ್ತಿರ ಬಂದಾಗ ಮೊಬೈಲ್ ಆಫ್ ಮಾಡಿ ಕಿಟಕಿ ಆಚೆ ನೋಡ್ತಾ ಕೂತೆ.

ನಾನು ಆರನೇ ಕ್ಲಾಸಲ್ಲಿ ಇದ್ದಾಗ ಅರಸೀಕೆರೆಯ ನಮ್ಮ ಮನೆಯ ಮಹಡಿ ರೂಮಿಗೆ ಒಬ್ಬರು ಬಾಡಿಗೆಗೆ ಬಂದಿದ್ದರು. ಅವರೂ ಸ್ಟೇಷನ್ನಿನಿಂದ ನಡೆದೇ ಬಂದವರು. ಮೂರು ತಿಂಗಳ ಅಡ್ವಾನ್ಸ್ ಒಟ್ಟಿಗೇ ಕೊಟ್ಟರು. ಏಪ್ರಿಲ್ ಬಿಸಿಲಲ್ಲೂ ಮೂಗಿನಿಂದ ಕೆಳಗೆ ಬೂದಿ ಬಣ್ಣದ ಮಫ್ಲರ್. ಮಾತು ಕಮ್ಮಿ, ಆಡಿದರೂ ಅರ್ಥ ಆಗ್ತಿರಲಿಲ್ಲ. ಅಮ್ಮ ಚಪಾತಿ ಪಲ್ಯ ಕಳಿಸಿದರೆ ಹಾಗೇ ವಾಪಸ್ ಬರ್ತಿತ್ತು. ‘ನನ್ನ ಕೈ ಅಡುಗೆ ಸೇರಲ್ವೇನೋ’ ಅಂತ ಅಮ್ಮನಿಗೆ ಬೇಜಾರು. ಅಪ್ಪನಿಗೆ ಅನುಮಾನ, ಪೊಲೀಸರಿಗೆ ಬೇಕಾದವನೇನೋ ಅಂತ. ನಮ್ಮ ಬೀದಿ ಹುಡುಗರಿಗಂತೂ ಹಬ್ಬ. ಮಫ್ಲರ್ ಇಲ್ಲದೆ ಅವರನ್ನ ನೋಡಿದವರಿಗೆ ಹತ್ತು ಗೋಲಿ ಅಂತ ಪಂಥ ಕಟ್ಟಿದ್ವಿ.

ಗೆದ್ದಿದ್ದು ನಾನೇ. ಒಂದು ಸಂಜೆ ನೀರಿನ ಟ್ಯಾಂಕ್ ಹತ್ತಿ ಕಿಟಕಿಯಲ್ಲಿ ಇಣುಕಿದೆ. ಅವರು ಲೋಟದಲ್ಲಿ ಗಂಜಿ ಇಟ್ಟುಕೊಂಡು ಚಮಚದಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಳ್ತಾ ಇದ್ದರು. ಕೆಳದವಡೆ ಒಂದು ಕಡೆ ಇರಲೇ ಇಲ್ಲ. ನನ್ನ ನೋಡಿದ ಕೂಡಲೇ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ‘ದೆವ್ವ’ ಅಂತ ಕಿರುಚಿಕೊಂಡು ಓಡಿದೆ. ಮಾರನೇ ದಿನದಿಂದ ಇಡೀ ಬೀದಿಗೆ ಅವರ ಹೆಸರು ಅದೇ ಆಯ್ತು.

ತಿಂಗಳು ತುಂಬೋ ಮೊದಲೇ ಖಾಲಿ ಮಾಡಿದರು, ಉಳಿದ ಅಡ್ವಾನ್ಸ್ ಕೂಡ ಕೇಳಲಿಲ್ಲ. ರೂಮು ಗುಡಿಸೋಕೆ ಹೋದ ಅಮ್ಮನಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಒಂದು ಹಳೇ ಚೀಟಿ ಸಿಕ್ತು. ಪೊರಕೆ ಕೈಯಲ್ಲಿ ಹಿಡಿದೇ ಅಮ್ಮ ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ಕೂತಿದ್ದಳು. ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಕಾದಂಬರಿ ಮುಂದೆ ಉಲ್ಟಾ ಹೊಡೆಯುತ್ತೆ. ಮಿಸೆಸ್ ಹಾಲ್ ಪಾಪ ಅಂದಿದ್ದ ಮನುಷ್ಯನಿಗೆ ಯಾವ ಗಾಯವೂ ಇಲ್ಲ. ತನ್ನ ಅಪ್ಪನ ಹತ್ತಿರವೇ ಕದ್ದವನು ಆತ. ಆ ದುಡ್ಡು ಬೇರೆಯವರದ್ದು, ಅಪ್ಪ ಗುಂಡು ಹಾರಿಸಿಕೊಂಡು ಸತ್ತಿರ್ತಾನೆ. ಗ್ರಿಫಿನ್ ಅನ್ನೋ ಅವನ ಹೆಸರು ನಮಗೆ ತಿಳಿಯೋದೇ ಅರ್ಧ ಪುಸ್ತಕ ದಾಟಿದ ಮೇಲೆ. ಕೊನೆಗೆ ಜನ ಬಡಿದು ಹಾಕಿದಾಗ ದೇಹ ನಿಧಾನಕ್ಕೆ ಕಾಣಿಸಿಕೊಳ್ಳುತ್ತೆ, ಸುಮಾರು ಮೂವತ್ತು ವರ್ಷದ ಹುಡುಗ. ನನ್ನದೇ ವಯಸ್ಸು. ಅಷ್ಟೆಲ್ಲ ಕೆಟ್ಟದ್ದು ಮಾಡಿದವನ ಮೇಲೂ ಆ ಪುಟದಲ್ಲಿ ನನಗೆ ಸಿಟ್ಟು ಬರಲಿಲ್ಲ. ನಮ್ಮ ಮಹಡಿಯವರ ಹೆಸರು ಜ್ಞಾಪಿಸಿಕೊಳ್ಳೋಕೆ ನೋಡಿದೆ, ಬರಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೂ ಹೆಸರು ನೆನಪಿಲ್ಲ. ಬ್ಯಾಂಡೇಜಿನ ಮನುಷ್ಯನ ಕಥೆ, ಸಾಸಿವೆ ಕಥೆ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಕೇಳಿದಳು, ‘ಆ ಹೆಂಗಸು ಆಚೆ ಹೋದ ಮೇಲೆ ಅವನು ಊಟ ಮಾಡಿದ್ನೇನೋ?’

ಮಾಡಿದ ಅಮ್ಮ, ಅಂದೆ.