ಕಲ್ಲಿನ ಜಿಲ್ಲೆಯಲ್ಲಿ ಭೂವಿಜ್ಞಾನದ ಓದು

ಬಾದಾಮಿಯ ಮರಳುಗಲ್ಲು, ಬಾಗಲಕೋಟೆಯ ಸುಣ್ಣದಕಲ್ಲು, ಇಳಕಲ್ಲಿನ ಗ್ರಾನೈಟ್‌ ನೋಡುತ್ತ ಬೆಳೆದ ಬಾಗಲಕೋಟೆ ಜಿಲ್ಲೆಯ ಮಕ್ಕಳು ಭೂವಿಜ್ಞಾನ ಓದುತ್ತೇವೆಂದರೆ ಪಾಲಕರು ಮೊದಲು ಕೇಳುವುದು ಶುಲ್ಕವನ್ನು. ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಶುಲ್ಕ ಖಾಸಗಿ ಎಂಜಿನಿಯರಿಂಗ್‌ ಶುಲ್ಕಕ್ಕಿಂತ ಬಹಳ ಕಡಿಮೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯದು. ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುವುದೆಂದರೆ ಮತ್ತೆ 2 ವರ್ಷದ ಹಾಸ್ಟೆಲ್‌, ಊಟ, ಕ್ಷೇತ್ರಾಧ್ಯಯನದ ಓಡಾಟ. ಬಡ ಮನೆಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಓದು ಬಿಡುವುದು ಇಲ್ಲೇ.

ಆದರೆ ಭೂವಿಜ್ಞಾನ ಓದಿದವರು ಜಿಲ್ಲೆಗೂ ಬೇಕು: ಹುನಗುಂದದ ರೈತ ಕೊಳವೆಬಾವಿಗೆ ಸಾಲದ ಹಣ ಸುರಿಯುವ ಮುನ್ನ ಕೇಳಬೇಕಾದದ್ದು ಅಂತರ್ಜಲ ಬಲ್ಲವರನ್ನು. ಗಣಿಗಾರಿಕೆಯಿಂದ ಸಂಗ್ರಹವಾಗುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಶಿಕ್ಷಣಕ್ಕೆ ಬಳಸಲು ಅವಕಾಶವಿದೆ. ಎಂ.ಎಸ್ಸಿ.ಯ ಆ 2 ವರ್ಷದ ಖರ್ಚನ್ನು ಜಿಲ್ಲಾಡಳಿತ ಅದರಿಂದಲೇ ಭರಿಸಲಿ, ಈ ಪ್ರವೇಶದ ಹಂಗಾಮಿನಲ್ಲೇ.