ಟ್ರ್ಯಾಕ್ಟರ್ ಹಾಡು ಯಾವ ಲಿಸ್ಟ್‌ನಲ್ಲೂ ಇಲ್ಲ

ಡಿಸೆಂಬರ್ ಬಂದರೆ ಸಾಕು, ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಕತೆ. ಸ್ಪಾಟಿಫೈ ರ‍್ಯಾಪ್ಡ್ ಬಂತು, ಇಷ್ಟು ಸಾವಿರ ನಿಮಿಷ ಕೇಳಿದೆ, ಇವರೇ ನನ್ನ ಟಾಪ್ ಆರ್ಟಿಸ್ಟ್. ಗೇಮ್ ಆಡೋರು ಗಂಟೆಗಳ ಲೆಕ್ಕ ಹಾಕ್ತಾರೆ. ನಾವೂ ಹಾಕಿದ್ವಿ. ನಾವು ಅಂದ್ರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬಂದು ಒಂದೇ ಹಾಸ್ಟೆಲ್‌ನಲ್ಲಿ ಮತ್ತು ಒಂದೇ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಸೇರಿಕೊಂಡಿರೋ ಸೆಕೆಂಡ್ ಇಯರ್‌ನವರು. ಆದರೆ 2025ರಲ್ಲಿ ನಿಜವಾಗಿ ಕೇಳಿದ್ದು, ಆಡಿದ್ದು ಎರಡನ್ನೂ ಒಂದು ಹಾಳೆ ಮೇಲೆ ಬರೆದು ನೋಡಿದ್ರೆ, ಆ ಲಿಸ್ಟ್‌ಗೂ ಈ ಹಾಳೆಗೂ ಅರ್ಧಕ್ಕರ್ಧ ತಾಳೆ ಆಗಲ್ಲ. ಆ್ಯಪ್ ಎಣಿಸೋದು ತನ್ನೊಳಗೆ ಕೇಳಿಸಿದ್ದನ್ನ ಮಾತ್ರ. ರಸ್ತೆಯಲ್ಲಿ ಕೇಳಿದ್ದು ಅದರ ಲೆಕ್ಕಕ್ಕೆ ಬರಲ್ಲ. ಲೆಕ್ಕಕ್ಕೆ ಬರದ ಆ ಅರ್ಧದ ಬಗ್ಗೆಯೇ ಈ ಬರಹ.

ಕೇಳಿದ್ದು

ಲಿಸ್ಟ್‌ನಲ್ಲಿ ಬಂದದ್ದು ನಿಮಗೂ ಗೊತ್ತಿರೋದೇ. 'ಎಕ್ಕ' ಸಿನಿಮಾಕ್ಕೆ ಚರಣ್ ರಾಜ್ ಮಾಡಿದ 'ಬ್ಯಾಂಗಲ್ ಬಂಗಾರಿ', ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಹಾಡುಗಳು, ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ ಚಾಪ್ಟರ್ 1'ಕ್ಕೆ ಅಜನೀಶ್ ಲೋಕನಾಥ್ ಕೊಟ್ಟ ಸಂಗೀತ. ಫೆಸ್ಟ್‌ನಲ್ಲೂ ಅದೇ, ಮೆಸ್‌ನಲ್ಲೂ ಅದೇ. ಕರಾವಳಿಯ ಡೋಲು ಇಡೀ ದೇಶಕ್ಕೆ ಕೇಳಿಸ್ತು, ಕೇಳೋಕೆ ಯಾರಿಗೂ ನಾಚಿಕೆ ಆಗಲಿಲ್ಲ. ಆಗಬೇಕಾಗಿಯೂ ಇಲ್ಲ.

ಲಿಸ್ಟ್‌ನಲ್ಲಿ ಬಾರದ್ದು ಕಬ್ಬಿನ ಟ್ರ್ಯಾಕ್ಟರ್ ಹಾಡು. ನಮ್ಮ ಕಡೆ ಬಾರದವರಿಗೆ ಸ್ವಲ್ಪ ಹೇಳಬೇಕು. ಕಬ್ಬಿನ ಸೀಸನ್‌ನಲ್ಲಿ ಹೊಲದಿಂದ ಫ್ಯಾಕ್ಟರಿಗೆ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಓಡ್ತಾವ. ಡ್ರೈವರ್ ಸೀಟಿನ ಹಿಂದೆ, ಮಡ್‌ಗಾರ್ಡ್ ಮೇಲೆ ಸ್ಪೀಕರ್. ಎಂಜಿನ್ ಸದ್ದಿಗಿಂತ ಹಾಡು ಜೋರಾಗಿರಬೇಕು, ಇಲ್ಲಾಂದ್ರೆ ಕೇಳಲ್ಲ. ಫ್ಯಾಕ್ಟರಿ ಮುಂದೆ ತಾಸುಗಟ್ಟಲೆ ಪಾಳಿ, ಮಧ್ಯರಾತ್ರಿ ಡ್ರೈವಿಂಗ್, ನಿದ್ದೆ ಬರಬಾರದು. ಅದಕ್ಕೇ ಆ ಬೀಟ್ ಅಷ್ಟು ಫಾಸ್ಟ್.

ಈ ಹಾಡುಗಳನ್ನ ಮಾಡೋರು ದೊಡ್ಡ ಕಂಪನಿಯವರಲ್ಲ. ಸಣ್ಣ ಊರಿನ ಹುಡುಗರು, ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಒಂದು ಯೂಟ್ಯೂಬ್ ಚಾನೆಲ್. ರಾಯಬಾಗ ಕಡೆಯ ಮಾಳು ನಿಪನಾಳ 'ನಾ ಡ್ರೈವರ' ಹಾಡಿನಿಂದ ಮೊದಲೇ ನಮ್ಮ ಕಡೆ ಮನೆಮಾತಾಗಿದ್ರು. 2025ರಲ್ಲಿ ಬಿಗ್‌ಬಾಸ್‌ಗೆ ಹೋದ ಮೇಲೆ ಹಾಸ್ಟೆಲ್‌ನ ಉಳಿದವರೂ ಯಾರಿವರು ಅಂತ ನಮ್ಮನ್ನೇ ಕೇಳಿದ್ರು. ಅಲ್ಲಿಯವರೆಗೆ ಆ ಹಾಡು ಹಚ್ಚಿದ್ರೆ "ಏನಿದು ಟ್ರ್ಯಾಕ್ಟರ್ ಮ್ಯೂಸಿಕ್" ಅಂತ ನಗು.

ನಮಗೆ ಈ ಹಾಡುಗಳಲ್ಲಿ ತುಂಬ ಇಷ್ಟವಾದದ್ದು ಕೊನೆಯ ನುಡಿ. ಎಷ್ಟೋ ಹಾಡುಗಳಲ್ಲಿ ಬರೆದವನ ಹೆಸರು, ಹಾಡಿದವನ ಹೆಸರು, ಊರಿನ ಹೆಸರು ಎಲ್ಲಾ ಹಾಡಿನೊಳಗೇ ಬರುತ್ತೆ. ಗೀಗೀ ಪದ, ಲಾವಣಿ ಹಾಡೋರು ಮಾಡ್ತಿದ್ದದ್ದೂ ಅದೇ. ಗೇಮ್ ಮುಗಿದಾಗ ಹೆಸರುಗಳ ಪಟ್ಟಿ ಉರುಳುತ್ತೆ, ಬಹಳ ಜನ ಸ್ಕಿಪ್ ಮಾಡ್ತೀವಿ. ಇಲ್ಲಿ ಸ್ಕಿಪ್ ಬಟನ್ ಇಲ್ಲ.

ಎಲ್ಲವೂ ಚಂದ ಅಂತ ಹೇಳ್ತಿಲ್ಲ. ಕೈಕೊಟ್ಟ ಹುಡುಗಿಯನ್ನ ಬೈಯೋ ಹಾಡುಗಳೇ ಜಾಸ್ತಿ, ಮತ್ತೆ ಕೆಲವು ತೀರಾ ಕೆಟ್ಟದಾಗಿರ್ತಾವ. ನಮ್ಮ ಗ್ರೂಪ್‌ನ ಹುಡುಗಿಯರು ಇದನ್ನ ಬಿಡದೇ ಬರೀ ಅಂದ್ರು, ಬರೆದಿದ್ದೀವಿ. ಹಿಂದಿನ ಗಾಡಿಯ ಹಾರ್ನ್ ಕೇಳಿಸದಷ್ಟು ಸೌಂಡ್ ಇಟ್ಟರೆ ಜೀವಕ್ಕೇ ಅಪಾಯ, ಅದಕ್ಕೆ ಸಂಸ್ಕೃತಿ ಅಂತ ಹೆಸರು ಕೊಡೋದು ಬೇಡ. ಆದರೆ ಸಿನಿಮಾ ಹಾಡಿನಲ್ಲಿ ಇದೇ ಬೈಗುಳ ಬಂದ್ರೆ ಕುಣಿಯೋರು, ಟ್ರ್ಯಾಕ್ಟರ್‌ನಲ್ಲಿ ಬಂದ್ರೆ ಮಾತ್ರ ಮೂಗು ಮುರಿಯೋದು ಯಾವ ನ್ಯಾಯ?

ನವೆಂಬರ್‌ನಲ್ಲಿ ಈ ಸೌಂಡ್ ನಿಂತೇ ಹೋಗಿತ್ತು. ಕಬ್ಬಿನ ದರಕ್ಕೆ ಹೋರಾಟ. ಸರ್ಕಾರ ಟನ್ನಿಗೆ 3,300 ರೂಪಾಯಿ ಅಂದ ಮೇಲೂ ಮುಧೋಳ ಭಾಗದ ರೈತರು ಒಪ್ಪಲಿಲ್ಲ. ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳಿಗೇ ಬೆಂಕಿ ಬಿತ್ತು. ಆ ದಿನಗಳಲ್ಲಿ ಮನೆಗೆ ಫೋನ್ ಮಾಡಿದ್ರೆ ಹಿಂದೆ ಕೇಳಬೇಕಾದ ಹಾಡು ಕೇಳ್ತಿರಲಿಲ್ಲ. ಆ ಹಾಡು ಬರೀ ಟೈಮ್‌ಪಾಸ್ ಅಲ್ಲ, ಊರಿನ ಕೆಲಸ ನಡೀತಿದೆ ಅನ್ನೋದರ ಗುರುತು ಅಂತ ನಮಗೆ ಅನ್ನಿಸಿದ್ದು ಆಗಲೇ.

ಆಡಿದ್ದು

ಗೇಮ್ ವಿಷಯಕ್ಕೆ ಬಂದ್ರೆ, ನಮ್ಮ ಲ್ಯಾಪ್‌ಟಾಪ್‌ಗಳಿಗೆ ದೊಡ್ಡ ಗೇಮ್ ಎಳೆಯೋ ತಾಕತ್ತಿಲ್ಲ. ಹಾಗಾಗಿ ಆಡಿದ್ದು ಬಿಜಿಎಂಐ. ಅದರಲ್ಲಿ ನಮಗೆ ಸಿಕ್ಕ ಕನ್ನಡ ಅಂದ್ರೆ ನಮ್ಮ ಮೈಕಿನಾಗಿನ ಕನ್ನಡ ಅಷ್ಟೇ. "ಲೇ, ಗುಡ್ಡದ ಮ್ಯಾಲ ಅದಾನ ನೋಡೋ."

ಇನ್ನೊಂದು, ಯಾರೂ ಒಪ್ಪಿಕೊಳ್ಳದ ಆದರೆ ಎಲ್ಲರೂ ಆಡೋ ಗೇಮ್: ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. 2017ರಲ್ಲಿ ಬಂದದ್ದು, ಮಾಲಿಯೊ ಅನ್ನೋ ಸ್ಟುಡಿಯೊದ್ದು. ಬಸ್ಸಿನ ಬಣ್ಣ ಒಂದು ಇಮೇಜ್ ಫೈಲ್ ಅಷ್ಟೇ, ಬೇಕಾದಂಗೆ ಬದಲಾಯಿಸಬಹುದು. ನಾವು ವಾಯವ್ಯ ಸಾರಿಗೆ ಬಣ್ಣ ಹಚ್ಚಿ 'ಜಮಖಂಡಿ – ಮುಧೋಳ' ಅಂತ ಬೋರ್ಡ್ ಬರೆದ್ವಿ. ಬಸ್ ಮಾತ್ರ ಜಾವಾ ದ್ವೀಪದ ರಸ್ತೆಯಲ್ಲೇ ಓಡುತ್ತೆ. (ಇದು ಸಿಲಬಸ್‌ನಲ್ಲಿರೋ ಜಾವಾ ಅಲ್ಲ.) ಇಂಡೋನೇಷ್ಯಾದವರು ತಮ್ಮ ರಸ್ತೆ, ತಮ್ಮ ಹಾರ್ನ್ ಇಟ್ಟು ಮಾಡಿದ ಗೇಮ್ ಬೀಳಗಿಯ ಹುಡುಗನಿಗೂ ಇಷ್ಟ ಆಯ್ತು. ಅವರು ಅಮೆರಿಕದ ರಸ್ತೆಯನ್ನ ಕಾಪಿ ಮಾಡಿದ್ದರೆ ಇಷ್ಟ ಆಗ್ತಿತ್ತಾ?

ಯೂಟ್ಯೂಬ್‌ನಲ್ಲಿ ಬೇರೆಯವರು ಆಡಿದ್ದನ್ನ ನೋಡಿದ ಗೇಮ್‌ಗಳೂ ಇವೆ. 2024ರ 'ಬ್ಲ್ಯಾಕ್ ಮಿಥ್: ವುಕಾಂಗ್'ನಲ್ಲಿ ತಲೆಯಿಲ್ಲದ ಸನ್ಯಾಸಿಯೊಬ್ಬ ಮೂರು ತಂತಿಯ ವಾದ್ಯ ಹಿಡಿದು ಹಾಡ್ತಾನೆ. ಅದು ಚೀನಾದ ಉತ್ತರ ಶಾನ್‌ಶಿ ಕಡೆಯ ಜನಪದ ಕತೆ ಹಾಡೋ ಪದ್ಧತಿ. ಅಲ್ಲಿನ ಭಾಷೆ ಒಂದಕ್ಷರ ಗೊತ್ತಿಲ್ಲದ ನಾವು ಅದನ್ನ ಎಷ್ಟೋ ಸಲ ಕೇಳಿದ್ವಿ. 2025ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಆದ ಫ್ರಾನ್ಸ್‌ನ 'ಕ್ಲೇರ್ ಆಬ್ಸ್ಕರ್: ಎಕ್ಸ್‌ಪೆಡಿಶನ್ 33'ಕ್ಕೆ ಸಂಗೀತ ಮಾಡಿದ ಲೊರಿಯನ್ ಟೆಸ್ಟಾರ್‌ಗೆ ಅದು ಮೊದಲ ಗೇಮ್. ಅವರು ಸೌಂಡ್‌ಕ್ಲೌಡ್‌ನಲ್ಲಿ ಹಾಕಿದ್ದ ಸಂಗೀತ ಕೇಳಿ ಕರೆದುಕೊಂಡರಂತೆ. ನಮ್ಮ ಕಡೆ ಯೂಟ್ಯೂಬ್‌ನಲ್ಲಿ ಹಾಡು ಹಾಕೋ ಹುಡುಗರನ್ನ ಗೇಮ್ ಮಾಡೋರು ಯಾರೂ ಹುಡುಕಿಕೊಂಡು ಬಂದಿಲ್ಲ. ಯಾಕಂದ್ರೆ ಹುಡುಕಬೇಕಾದೋರು ನಾವೇ.

ಬೇಕಾಗಿರೋದು

ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಖುಷಿ. ಆದರೆ ಸ್ಟೇಟಸ್ ಹಾಕಿ ಸುಮ್ಮನಾದ್ರೆ ಸಾಲದು. ಸಂಬಾಳದ ಸದ್ದು, ಕರಡಿ ಮಜಲಿನ ಸದ್ದು, ಬನಹಟ್ಟಿಯ ಪವರ್‌ಲೂಮ್ ಸದ್ದು ಯಾವ ಗೇಮ್‌ನಲ್ಲೂ ನಾವು ಕೇಳಿಲ್ಲ. ಗೋಡೋ ಎಂಜಿನ್ ಫ್ರೀ. ಫೋನ್‌ನಲ್ಲಿ ರೆಕಾರ್ಡರ್ ಇದೆ. ಕೋಡಿಂಗ್ ಅರ್ಧಂಬರ್ಧ ಬರುತ್ತೆ, ಅಷ್ಟು ಸಾಕು.

ಮನೆಯವರು ಗೇಮ್ ಅಂದ್ರೆ ರಮ್ಮಿ ಅಂದ್ಕೊಂಡು ಹೆದರ್ತಾರೆ, ಅದೂ ಸುಳ್ಳಲ್ಲ, ಹಣ ಕಳಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಆಗಸ್ಟ್‌ನಲ್ಲಿ ಬಂದ ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟವನ್ನೂ ಇ-ಸ್ಪೋರ್ಟ್ಸನ್ನೂ ಬೇರೆ ಬೇರೆ ಮಾಡಿದೆ. ಗೇಮ್ ಮಾಡೋದು ಒಂದು ಕೆಲಸ ಅಂತ ಮನೆಯಲ್ಲಿ ತೋರಿಸೋಕೆ, ಅವರ ಊರಿನ ಸದ್ದು ಇರೋ ಒಂದು ಸಣ್ಣ ಗೇಮ್‌ಗಿಂತ ಒಳ್ಳೆ ದಾರಿ ನಮಗಂತೂ ಹೊಳೀತಿಲ್ಲ.

ಅಷ್ಟೂ ಆಗಲ್ಲ ಅನ್ನೋರಿಗೆ ಇನ್ನೂ ಸುಲಭದ್ದು ಇದೆ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದನ್ನ ಅನುವಾದ ಮಾಡೋದು ಸಂಬಳದವರಲ್ಲ, ಕ್ರೌಡಿನ್ ಅನ್ನೋ ಸೈಟ್‌ನಲ್ಲಿ ಯಾರು ಬೇಕಾದರೂ ಅಕೌಂಟ್ ಮಾಡಿ ಸೇರಬಹುದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಮನೆಯಲ್ಲಿ ಕನ್ನಡ ಮಾತಾಡೋ ನಮ್ಮಂಥವರಿಗೆ ಹೇಳಿ ಮಾಡಿಸಿದ ಕೆಲಸ.

ಕನ್ನಡ ಸಂಘಕ್ಕೆ ನಮ್ಮ ಸಲಹೆ ಒಂದೇ. ಮುಂದಿನ ಸೆಮ್‌ನಲ್ಲಿ ಎರಡು ದಿನದ ಗೇಮ್ ಜಾಮ್ ಇಡೋಣ. ಒಂದೇ ರೂಲ್: ಸೌಂಡ್ ಎಲ್ಲಾ ಅವರವರ ಊರಿನದೇ ಇರಬೇಕು. ರಜೆಗೆ ಹೋದಾಗ ಜಾತ್ರೆ, ಮಗ್ಗ, ಗಿರಣಿ, ಬಸ್ ಸ್ಟ್ಯಾಂಡ್, ಟ್ರ್ಯಾಕ್ಟರ್ ಏನು ಸಿಕ್ಕರೂ ರೆಕಾರ್ಡ್ ಮಾಡಿ ತನ್ನಿ. ಬಾರಿಸಿದವರನ್ನ, ಹಾಡಿದವರನ್ನ ಮೊದಲು ಕೇಳಿ, ಅವರ ಹೆಸರು, ಊರು ಬರೆದುಕೊಳ್ಳಿ. ಗೇಮ್‌ನ ಕೊನೆಗೆ ಆ ಹೆಸರು ಬರಬೇಕು.